ಹಿಂಬಾಗಿಲಿನಿಂದ ಬಂದವಳು

ಕ್ಲಿನಿಕ್ಕಿಗೆ ಬರುವ ಜನ ಅವಳನ್ನು ರೂಲ್ಸಮ್ಮ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಇಪ್ಪತ್ತೆರಡು ವರ್ಷ ಒಂದೇ ಕ್ಲಿನಿಕ್ಕಿನಲ್ಲಿ ನರ್ಸಾಗಿ ದುಡಿದವಳಿಗೆ ಬಿರುದು ಅಂತ ಇನ್ನೇನು ಸಿಗುತ್ತದೆ?

ಕ್ಲಿನಿಕ್ಕು ದೊಡ್ಡದೇನಲ್ಲ. ಬೀದಿಗೆ ತೆರೆದುಕೊಂಡ ಒಂದು ಹಜಾರ, ಗೋಡೆಯುದ್ದಕ್ಕೂ ಬೆಂಚು, ಟೋಕನ್ ಕೊಡುವ ಕಿಟಕಿ. ಒಳಗೆ ಡಾಕ್ಟರ ಕೋಣೆ, ಅದರ ಪಕ್ಕದಲ್ಲಿ ಗಾಯಕ್ಕೆ ಹೊಲಿಗೆ ಹಾಕುವ ಕೋಣೆ, ಕೊನೆಗೆ ಟೀ ಕಾಯಿಸುವಷ್ಟೇ ಜಾಗವಿರುವ ಒಂದು ಅಡುಗೆಮನೆ. ಅಡುಗೆಮನೆಯ ಬಾಗಿಲು ಹಿಂದಿನ ಓಣಿಗೆ ತೆರೆಯುತ್ತಿತ್ತು. ಡಾಕ್ಟರು ಒಬ್ಬರೇ. ತಲೆ ನರೆತವರು, ಕೈ ಚುರುಕು, ಮರೆವು ಜಾಸ್ತಿ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಕನ್ನಡಕ ಎಲ್ಲಿ ಹೋಯಿತು ಎಂದು ಮೇಜಿನ ಮೇಲೆಲ್ಲ ತಡಕಾಡುವವರು. ಅವರು ಮರೆತದ್ದನ್ನೆಲ್ಲ ರೂಲ್ಸಮ್ಮ ನೆನಪಿಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಕ್ಲಿನಿಕ್ಕು ನಡೆಯುತ್ತಿತ್ತು.

ಬೆಳಿಗ್ಗೆ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲೇ ಲಸಿಕೆಯ ಫ್ರಿಜ್ಜಿನ ಉಷ್ಣತೆ ಎಷ್ಟಿದೆ ಎಂದು ನೋಡಿ ಬರೆಯುತ್ತಿದ್ದಳು. ಸಂಜೆ ಮತ್ತೊಮ್ಮೆ. ಬಳಸಿದ ಸೂಜಿ ಹಾಕುವ ಹಳದಿ ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಳ ಬಿತ್ತೆಂದೇ ಲೆಕ್ಕ. ಇನ್ನೊಂದೇ ಒಂದು ಸೂಜಿ ಹಿಡಿಯುತ್ತೆ ಎಂದು ಯಾರಾದರೂ ರಾಗ ಎಳೆದರೆ ಅವರ ಗ್ರಹಚಾರ ಕೆಟ್ಟಿತು. ಕತ್ತರಿ, ಚಿಮಟ ಬೇಯಿಸುವ ಯಂತ್ರದೊಳಗೆ, ಸಾಕಷ್ಟು ಶಾಖ ತಾಗಿದರೆ ಕಪ್ಪಾಗುವ ಕಾಗದದ ಪಟ್ಟಿಯೊಂದನ್ನು ಇಟ್ಟು, ಅದು ಪೂರ್ತಿ ಕಪ್ಪಾಗದೆ ಹೊರಬಂದರೆ ಇಡೀ ತಟ್ಟೆಯನ್ನು ಮತ್ತೆ ಬೇಯಿಸುತ್ತಿದ್ದಳು. "ಕೈ ತೊಳೆದ್ರಾ ಡಾಕ್ಟ್ರೇ?" ಎಂದು ರೋಗಿಗಳ ಎದುರಿಗೇ ಕೇಳುತ್ತಿದ್ದಳು. ಪಾಪ, ಅವರು ಶಾಲೆಯ ಹುಡುಗನ ಹಾಗೆ ಎರಡೂ ಅಂಗೈ ತೋರಿಸುತ್ತಿದ್ದರು.

ಆದರೆ ಅವಳ ಜೀವ ಇದ್ದದ್ದು ನೀಲಿ ರಿಜಿಸ್ಟರಿನಲ್ಲಿ. ಅದು ಅವಳೇ ಸ್ಕೇಲು ಹಿಡಿದು ಗೆರೆ ಹಾಕಿ ಮಾಡಿದ್ದು. ಬಹಳ ವರ್ಷಗಳ ಹಿಂದೆ ಒಬ್ಬ ತೋಟದ ಕೆಲಸದವನ ರಕ್ತದ ರಿಪೋರ್ಟು ತೂಕದ ಯಂತ್ರದ ಕೆಳಗೆ ಸಿಕ್ಕಿತ್ತು, ಬಂದು ಮೂರು ವಾರವಾದ ಮೇಲೆ. ಅವನಿಗೇನೂ ಆಗಲಿಲ್ಲ, ಪುಣ್ಯ. ಅವಳಿಗೆ ಮಾತ್ರ ವಾರಗಟ್ಟಲೆ ಅನ್ನ ಸೇರಲಿಲ್ಲ. ಅವತ್ತಿನಿಂದ ಲ್ಯಾಬಿಗೆ ಹೋಗುವ ಪ್ರತಿ ಮಾದರಿಗೂ, ರಕ್ತವಿರಲಿ, ಮೂತ್ರವಿರಲಿ, ಕತ್ತರಿಸಿದ ಗಂಟಿರಲಿ, ರಿಜಿಸ್ಟರಿನಲ್ಲಿ ಒಂದು ಸಾಲು. ಮೊದಲು ಟೋಕನ್ ನಂಬರು, ಹೆಸರು. ಆಮೇಲೆ ನಾಲ್ಕು ಮನೆ: ಕಳಿಸಿದ್ದು, ಬಂದದ್ದು, ಡಾಕ್ಟರು ನೋಡಿದ್ದು, ರೋಗಿಗೆ ಹೇಳಿದ್ದು. ಪ್ರತಿ ಶುಕ್ರವಾರ ಮಧ್ಯಾಹ್ನ ಬೆರಳಿಟ್ಟು ಸಾಲು ಸಾಲು ಇಳಿಯುತ್ತಿದ್ದಳು. ಖಾಲಿ ಮನೆ ಕಂಡರೆ ಲ್ಯಾಬಿಗೆ ಫೋನು. ಲ್ಯಾಬಿನ ಗುಮಾಸ್ತನಿಗೆ ಶುಕ್ರವಾರ ಬಂದರೆ ಚಳಿಜ್ವರ ಬರುತ್ತಿತ್ತು.

ಆ ಗುಮಾಸ್ತನಿಗೆ ಇನ್ನೊಂದು ನಿಯಮವನ್ನೂ ಅವಳೇ ಮಾಡಿಕೊಟ್ಟಿದ್ದಳು. ಒಂದೇ ಹೆಸರಿನ ಇಬ್ಬರ ರಿಪೋರ್ಟು ಒಮ್ಮೆ ಅದಲುಬದಲಾದ ಮೇಲೆ, "ಟೋಕನ್ ನಂಬರ್ ಇಲ್ಲದ ರಿಪೋರ್ಟ್ ನಮಗೆ ಕಳಿಸಲೇಬೇಡಿ. ನಿಮ್ಮ ಹತ್ರಾನೇ ಇಟ್ಕೊಳ್ಳಿ. ನಾವು ಕೇಳಿದಾಗ ವಿಚಾರಿಸಿ ಕೊಡಿ" ಎಂದು ಕಾಗದದ ಮೇಲೆ ಬರೆದೇ ಕಳಿಸಿದ್ದಳು. ಒಳ್ಳೆಯ ನಿಯಮ. ಅದರಲ್ಲಿ ತಪ್ಪು ಹುಡುಕುವುದು ಯಾರಿಗೂ ಸಾಧ್ಯವಿರಲಿಲ್ಲ.

ಇಂಥವಳಿಗೆ ಒಬ್ಬಳು ತಂಗಿ. ಎಂಟು ವರ್ಷ ಚಿಕ್ಕವಳು. ಅಮ್ಮ ಬೇಗ ಹೋದದ್ದರಿಂದ ಅಕ್ಕನೇ ತಲೆ ಬಾಚಿ, ಹೋಮ್‌ವರ್ಕ್ ಮಾಡಿಸಿ, ಎರಡು ಏಟು ಕೊಟ್ಟು, ಮದುವೆ ಮಾಡಿಸಿ ಕಳಿಸಿದ್ದು. ಅಕ್ಕ ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು. ತಂಗಿಯ ಗಂಡ ಬಸ್ಸಿನ ಡ್ರೈವರು, ಮಾತು ಕಡಿಮೆ. ಅವರಿಗೊಬ್ಬಳು ಮಗಳು, ಏಳನೇ ತರಗತಿ. ತಂಗಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳ ಹೊಲಿಗೆಯಂತ್ರ ನಿಂತದ್ದನ್ನು ಬೀದಿಯವರು ಕಂಡವರಲ್ಲ. ಅಕ್ಕ ಎಷ್ಟು ನಿಧಾನವೋ ತಂಗಿ ಅಷ್ಟು ಅವಸರ. ಬಸ್ಸಿಗೆ ಕಾಯುವ ಬದಲು ನಡೆದೇ ಹೋಗುವವಳು, ಹಾಲು ಉಕ್ಕುವ ಮೊದಲೇ ಇಳಿಸುವವಳು.

ಆ ಅವಸರದವಳು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಕ್ಲಿನಿಕ್ಕಿನ ಹಿಂಬಾಗಿಲು ಬಡಿದಳು. ಹಜಾರದಲ್ಲಿ ನಲವತ್ತು ಜನ ಕೂತಿದ್ದರು. ಮೀನಖಂಡದ ಮೇಲೊಂದು ಮಚ್ಚೆ, ಹುಟ್ಟಿದಾಗಿನಿಂದ ಇದ್ದದ್ದು, ಈಚೆಗೆ ದಪ್ಪಗಾಗಿ ಯಂತ್ರ ತುಳಿಯುವಾಗೆಲ್ಲ ಬಟ್ಟೆಗೆ ಉಜ್ಜಿ ರಕ್ತ ಬರುತ್ತಿತ್ತು.

"ಟೋಕನ್ ತಗೊಂಡು ಮುಂದ್ಗಡೆಯಿಂದ ಬಾರೆ," ಎಂದಳು ಅಕ್ಕ.

"ನಲವತ್ತು ಜನ ಇದ್ದಾರೆ ಕಣೆ. ನಾಳೆ ಬೆಳಿಗ್ಗೆಗೆ ಮೂರು ಬಟ್ಟೆ ಕೊಡ್ಬೇಕು. ನೀನಿದ್ದೂ ನಾನು ಸಾಲಲ್ಲಿ ಕೂರ್ಬೇಕಾ?"

ಟೀ ಕುಡಿಯುತ್ತಿದ್ದ ಡಾಕ್ಟರು ಲೋಟ ಕೆಳಗಿಟ್ಟರು. "ನಮ್ಮ ಹುಡುಗಿ ಅಲ್ವೇನ್ರೀ. ಬಾರಮ್ಮ, ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷವೂ ಆಗಲಿಲ್ಲ. ಕೈ ತೊಳೆದರು, ಮರಗಟ್ಟಿಸುವ ಸೂಜಿ ಹಾಕಿದರು, ಮಚ್ಚೆಯನ್ನು ಕತ್ತರಿಸಿದರು, ಮೂರು ಹೊಲಿಗೆ ಹಾಕಿದರು. ರೂಲ್ಸಮ್ಮ ಅದನ್ನು ಸೀಸೆಗೆ ಹಾಕಿ ಹೆಸರು ಅಂಟಿಸಿದಳು. ಲ್ಯಾಬಿನ ಚೀಟಿಯಲ್ಲಿ ನಂಬರಿನ ಮನೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಟೋಕನ್ ಇಲ್ಲ, ನಂಬರ್ ಎಲ್ಲಿಂದ ಬರಬೇಕು? ರಿಜಿಸ್ಟರಿನ ಸಾಲೂ ನಂಬರಿನಿಂದಲೇ ಶುರುವಾಗಬೇಕು. ಇವಳಿಗೆ ರಿಜಿಸ್ಟರ್ ಯಾಕೆ, ನಾನೇ ಇದ್ದೀನಲ್ಲ, ಎಂದುಕೊಂಡಳು. ಹಜಾರದಲ್ಲಿ ಮಗುವೊಂದು ಅಳುತ್ತಿತ್ತು. ಸೀಸೆಯನ್ನು ಸಂಜೆ ಲ್ಯಾಬಿಗೆ ಹೋಗಿಬರುವ ಚೀಲಕ್ಕೆ ಹಾಕಿ ಮುಂದಿನ ಟೋಕನ್ ಕೂಗಿದಳು.

ಹತ್ತು ದಿನದ ಮೇಲೆ ತಂಗಿಯ ಮನೆಯಲ್ಲೇ, ಹೊಲಿಗೆಯಂತ್ರದ ಪಕ್ಕ ಕೂರಿಸಿಕೊಂಡು, ಹೊಲಿಗೆ ಬಿಚ್ಚಿದಳು. ಗಾಯ ಚೆನ್ನಾಗಿ ಮಾಗಿತ್ತು.

"ರಿಪೋರ್ಟ್ ಬಂತಾ?" ಎಂದಳು ತಂಗಿ, ದಾರದ ತುದಿಯನ್ನು ನಾಲಿಗೆಗೆ ಹಚ್ಚುತ್ತ.

"ಏನಾದ್ರೂ ಇದ್ದಿದ್ರೆ ಇಷ್ಟು ಹೊತ್ತಿಗೆ ಗೊತ್ತಾಗ್ತಿತ್ತು. ಏನೂ ಇರಲ್ಲ ಬಿಡು."

ಬೇರೆ ಯಾರಿಗಾದರೂ ಅವಳು ಈ ಮಾತು ಹೇಳುತ್ತಿದ್ದಳೆ? ನಾಲಿಗೆ ಕಚ್ಚಿಕೊಂಡಾದರೂ ಸುಮ್ಮನಿರುತ್ತಿದ್ದಳು. ರಿಪೋರ್ಟು ಕಣ್ಣಿಂದ ನೋಡದೆ "ಏನೂ ಇಲ್ಲ" ಎನ್ನಬಾರದು ಎಂದು ಹೊಸದಾಗಿ ಸೇರಿದ ನರ್ಸುಗಳಿಗೆಲ್ಲ ಪಾಠ ಹೇಳಿದವಳು ಅವಳೇ. ತಂಗಿ ಆ ಮಾತನ್ನು ಕೇಳಿ ತಲೆಯಾಡಿಸಿದಳು, ಯಂತ್ರ ತುಳಿಯತೊಡಗಿದಳು, ಇಬ್ಬರೂ ಮರೆತರು. ಪ್ರತಿ ಶುಕ್ರವಾರ ಬೆರಳು ರಿಜಿಸ್ಟರಿನ ಮೇಲೆ ಇಳಿಯುತ್ತಲೇ ಇತ್ತು. ಇಲ್ಲದ ಸಾಲಿನಲ್ಲಿ ಖಾಲಿ ಮನೆ ಹೇಗೆ ಕಾಣುತ್ತದೆ?

ಒಂದೂವರೆ ವರ್ಷದ ಮೇಲೆ ತಂಗಿಯ ತೊಡೆಯ ಸಂದಿಯಲ್ಲಿ ಗಂಟು ಕಂಡಿತು. ಅಷ್ಟರಲ್ಲಿ ಕೆಮ್ಮೂ ಶುರುವಾಗಿತ್ತು. ಈ ಸಲ ಡಾಕ್ಟರು ಮುಟ್ಟಿ ನೋಡಿದವರೇ ಮುಖ ಗಂಭೀರ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ತಜ್ಞೆ ಸ್ಕ್ಯಾನಿನ ಚಿತ್ರಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ಕಾಲಿನ ಕಲೆಯ ಮೇಲೆ ಬೆರಳಿಟ್ಟು ಕೇಳಿದರು: "ಇದನ್ನ ತೆಗೆಸಿದ್ರಲ್ಲ, ಆಗ ರಿಪೋರ್ಟ್ ಏನು ಬಂದಿತ್ತು?"

"ಏನೂ ಇರಲಿಲ್ಲ ಮೇಡಂ," ಎಂದಳು ತಂಗಿ ತಟ್ಟನೆ. "ನಮ್ಮಕ್ಕ ಅಲ್ಲೇ ನರ್ಸು. ಇದ್ದಿದ್ರೆ ಬಿಡ್ತಿದ್ಲಾ?"

ಆ ರಿಪೋರ್ಟನ್ನು ತಾನು ಕಣ್ಣಿಂದ ಕಂಡೇ ಇಲ್ಲ ಎಂದು ಪಕ್ಕದ ಕುರ್ಚಿಯಲ್ಲಿದ್ದ ಅಕ್ಕನಿಗೆ ಆಗ ಹೊಳೆಯಿತು. ತಜ್ಞೆ ಬರೆದುಕೊಂಡರು. ರೋಗ ಶ್ವಾಸಕೋಶಕ್ಕೆ, ಪಿತ್ತಜನಕಾಂಗಕ್ಕೆ ಹರಡಿತ್ತು. ತಿಂಗಳುಗಳ ಮಾತು, ವರ್ಷಗಳದ್ದಲ್ಲ.

ಮಾರನೆಯ ದಿನ ರೂಲ್ಸಮ್ಮ ರಿಜಿಸ್ಟರನ್ನು ಮೂರು ಸಲ ತಿರುವಿ ಹಾಕಿದಳು. ತಂಗಿಯ ಹೆಸರಿಲ್ಲ ಎಂದು ಮೊದಲ ಸಲ ಪುಟ ತೆರೆಯುವಾಗಲೇ ಗೊತ್ತಿತ್ತು. ಆಮೇಲೆ ಲ್ಯಾಬಿಗೆ ಫೋನು ಮಾಡಿದಳು. ಅವತ್ತು ಶುಕ್ರವಾರವಲ್ಲ. ಗುಮಾಸ್ತನಿಗೆ ಆಶ್ಚರ್ಯ.

"ಇದೆ ಮೇಡಂ," ಎಂದ ಸ್ವಲ್ಪ ಹೊತ್ತು ಹುಡುಕಿ. "ನಂಬರಿಲ್ಲದವುಗಳ ಟ್ರೇನಲ್ಲಿದೆ. ಒಂದೂವರೆ ವರ್ಷ ಆಯ್ತಲ್ಲ, ಯಾಕೆ ಯಾರೂ ಕೇಳ್ಲಿಲ್ಲ? ನೀವೇ ಹೇಳಿದ್ರಲ್ಲ ಮೇಡಂ, ನಂಬರಿಲ್ಲದ್ದು ಕಳಿಸ್ಬೇಡಿ, ನಾವೇ ಕೇಳ್ತೀವಿ ಅಂತ."

ಸಂಜೆಯ ಚೀಲದಲ್ಲಿ ಅದು ಬಂತು. ಒಂದೇ ಹಾಳೆ. ಕೆಟ್ಟ ಗಡ್ಡೆ, ಅಂಚಿನವರೆಗೂ ಇದೆ, ಸುತ್ತಲಿನ ಚರ್ಮವನ್ನು ಇನ್ನಷ್ಟು ಅಗಲವಾಗಿ ಬೇಗನೆ ತೆಗೆಸಬೇಕು ಎಂದು ಬರೆದಿತ್ತು. "ಬೇಗನೆ" ಎನ್ನುವುದರ ಕೆಳಗೆ ಯಾರೋ ಗೆರೆ ಎಳೆದಿದ್ದರು. ಯಾರೋ ಪುಣ್ಯಾತ್ಮ ಕಾಳಜಿಯಿಂದ ಎಳೆದ ಗೆರೆ, ಟ್ರೇಯಲ್ಲಿ ಒಂದೂವರೆ ವರ್ಷ ಮಲಗಿತ್ತು.

ಅವಳು ಅಡುಗೆಮನೆಯಲ್ಲಿ, ಹಿಂಬಾಗಿಲಿಗೆ ಒರಗಿ, ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು ಹಾಳೆ ಓದಿದರು. ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಮತ್ತೊಮ್ಮೆ ಓದಿದರು.

"ಕತ್ತರಿಸಿದವನು ನಾನು. ನಾನೂ ಕೇಳ್ಬೇಕಿತ್ತು," ಎಂದರು. "ನಿಮ್ಮ ತಂಗಿ ಅಲ್ವಾ, ನೀವು ನೋಡಿರ್ತೀರಿ ಅಂದ್ಕೊಂಡೆ. ಅಂದ್ಕೊಂಡೆ ಅಂತಾನೂ ಹೇಳೋಕಾಗಲ್ಲ. ಮರೆತೇ ಬಿಟ್ಟಿದ್ದೆ."

"ಅವಳಿಗೆ ಹೇಳ್ಬೇಕು."

"ಹೇಳಿ ಏನಾಗುತ್ತೆ? ಇರೋ ನಾಲ್ಕು ದಿನ ನೆಮ್ಮದಿಯಾಗಿ ಇರ್ಲಿ. ಹಣೆಬರಹ ಅಂದ್ಕೊಂಡಿದ್ದಾಳೆ. ನಿಮ್ಮ ಮೇಲೆ ಜೀವ ಇಟ್ಕೊಂಡಿದ್ದಾಳೆ. ಅದನ್ನೂ ಕಿತ್ಕೋಬೇಕಾ?"

ಅವರು ಕೆಟ್ಟ ಮನುಷ್ಯರಲ್ಲ, ತಮ್ಮನ್ನು ಉಳಿಸಿಕೊಳ್ಳಲು ಹೇಳಿದ ಮಾತೂ ಅಲ್ಲ. ಆ ಮಾತಿನಲ್ಲಿ ಹುರುಳಿತ್ತು, ಅದೇ ಕಷ್ಟ. ರೂಲ್ಸಮ್ಮ ಹಾಳೆಯನ್ನು ಮಡಚಿ ತನ್ನ ಚೀಲದೊಳಗಿಟ್ಟುಕೊಂಡಳು. ದಿನಾ ಸಂಜೆ ಅದನ್ನು ಹೊತ್ತುಕೊಂಡೇ ತಂಗಿಯ ಮನೆಗೆ ಹೋಗುತ್ತಿದ್ದಳು, ಹೊತ್ತುಕೊಂಡೇ ವಾಪಸು ಬರುತ್ತಿದ್ದಳು. ಹೇಳಿದರೆ ತಂಗಿಯ ಕೊನೆಯ ದಿನಗಳು ಹಾಳು, ತನ್ನ ಮುಖ ಅವಳು ನೋಡುವುದೂ ಇಲ್ಲ. ಹೇಳದಿದ್ದರೆ ಅವಳು ಸಾಯುವವರೆಗೂ ತಾನು ಅವಳ ಪಕ್ಕದಲ್ಲಿ ಸುಳ್ಳಾಗಿ ಕೂತಿರಬೇಕು. ಇದರ ಮಧ್ಯೆ ತಂಗಿ, ಸಣಕಲಾಗುತ್ತ ಹೋಗುತ್ತಿದ್ದವಳು, ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮಕ್ಕ ಇರೋದಕ್ಕೆ ನಂಗೆ ಧೈರ್ಯ."

ಅಷ್ಟರಲ್ಲಿ ಕ್ಲಿನಿಕ್ಕಿಗೆ ಆರೋಗ್ಯ ಇಲಾಖೆಯ ತಪಾಸಣೆ ಬಂತು. ಎರಡು ದಿನದ ತಪಾಸಣೆ, ನೂರಾ ಹನ್ನೆರಡು ಪ್ರಶ್ನೆಗಳ ಪುಸ್ತಕ. ಬಂದ ಅಧಿಕಾರಿಣಿ ಮಧ್ಯವಯಸ್ಸಿನವರು, ತೆಳ್ಳಗೆ, ನಗು ಕಡಿಮೆ. ಕುರ್ಚಿ ಅಲುಗಾಡುತ್ತದೆಯೇ ಎಂದು ಕೂತು ನೋಡಿದರು, ಆಮ್ಲಜನಕದ ಸಿಲಿಂಡರ್ ತಿರುಗಿಸಿ ನೋಡಿದರು, ತುರ್ತು ಔಷಧದ ತಟ್ಟೆಯಲ್ಲಿ ಅವಧಿ ಮುಗಿದದ್ದು ಸಿಗುತ್ತದೇನೋ ಎಂದು ಒಂದೊಂದೇ ಸೀಸೆ ಎತ್ತಿದರು. ಸಿಗಲಿಲ್ಲ. ಫ್ರಿಜ್ಜಿನ ಪುಸ್ತಕದಲ್ಲಿ ಐದು ವರ್ಷ ಹಿಂದಿನ ಒಂದು ಭಾನುವಾರ ಕೇಳಿದರು. ಅದೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಮುಖ ಸಡಿಲವಾಗಿತ್ತು.

ಕೊನೆಗೆ ನೀಲಿ ರಿಜಿಸ್ಟರು. ಮನಸ್ಸಿಗೆ ಬಂದ ಪುಟ ತೆರೆದರು, ಮತ್ತೊಂದು ತೆರೆದರು, ಇನ್ನೊಂದು. ನಾಲ್ಕನೇ ಮನೆ ಎಲ್ಲೂ ಖಾಲಿ ಇರಲಿಲ್ಲ.

"ಇಪ್ಪತ್ತು ಕ್ಲಿನಿಕ್ ನೋಡಿದೀನಿ ಈ ವರ್ಷ," ಎಂದರು. "ಇಂಥದ್ದು ಎಲ್ಲೂ ನೋಡ್ಲಿಲ್ಲ. ಬೇರೆಯವರಿಗೆ ಮಾದರಿ ಅಂತ ತೋರಿಸೋಕೆ ಒಂದು ಫೋಟೋ ತಗೊಳ್ಳಲಾ?"

ಫೋಟೋ ತೆಗೆದರು. ಡಾಕ್ಟರು ಕಿಟಕಿಯ ಕಡೆ ನೋಡುತ್ತಿದ್ದರು.

"ಒಂದು ಪ್ರಶ್ನೆ ಪುಸ್ತಕದಲ್ಲಿಲ್ಲ, ನಾನೇ ಕೇಳ್ತೀನಿ. ಇದು ಶುರುವಾದ ಮೇಲೆ ಒಂದಾದ್ರೂ ತಪ್ಪಿಸಿಕೊಂಡಿದ್ದು ಇದೆಯಾ?"

"ಇದರಲ್ಲಿ ಬರೆದದ್ದು ಯಾವುದೂ ತಪ್ಪಿಲ್ಲ ಮೇಡಂ," ಎಂದಳು ರೂಲ್ಸಮ್ಮ. ಸತ್ಯವೇ. ಅಂಥ ಹೊಲಸು ಸತ್ಯವನ್ನು ಅವಳು ಜೀವಮಾನದಲ್ಲಿ ಹೇಳಿರಲಿಲ್ಲ. ಹೇಳಿದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು.

ಸಂಜೆ ತಂಗಿಯ ಮನೆಗೆ ಹೋದಾಗ ಸುದ್ದಿ ಆಗಲೇ ಮುಟ್ಟಿತ್ತು. ಟೋಕನ್ ಕಿಟಕಿಯ ಹೆಂಗಸು ಅದೇ ಬೀದಿಯವಳು. ತಂಗಿ ದಿಂಬಿಗೆ ಒರಗಿ ಕೂತಿದ್ದಳು, ಕಣ್ಣು ಹೊಳೆಯುತ್ತಿತ್ತು.

"ಫೋಟೋ ತೆಗೆದ್ರಂತಲ್ಲೇ! ನಂಗೊತ್ತಿತ್ತು. ಇವರಿಗೂ ಹೇಳ್ತಿದ್ದೆ," ಎಂದು ಗಂಡನ ಕಡೆ ಕೈ ತೋರಿಸಿದಳು. "ನನ್ನ ಕಾಯಿಲೆ ನನ್ನ ಕರ್ಮ. ಅಕ್ಕನ ಕೈಯಲ್ಲಿ ಇದ್ದದ್ದಾಗಿದ್ರೆ ನಂಗೆ ಹೀಗಾಗೋಕೆ ಬಿಡ್ತಿದ್ಲಾ?"

ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಚೀಲದಿಂದ ಹಾಳೆ ತೆಗೆದು ಹೊದಿಕೆಯ ಮೇಲೆ ಇಟ್ಟಳು. ಎಷ್ಟು ದಿನದಿಂದ ಮಾತು ಜೋಡಿಸಿಟ್ಟಿದ್ದಳೋ ಅದೆಲ್ಲ ಎಲ್ಲಿ ಹೋಯಿತೋ.

"ನನ್ನ ಕೈಯಲ್ಲೇ ಇತ್ತು," ಎಂದಳು. "ರಿಪೋರ್ಟ್ ಬಂದೇ ಇರಲಿಲ್ಲ. ನಾನು ಕೇಳಲೇ ಇಲ್ಲ. ನಿನ್ನ ಹೆಸರು ಬರೆದಿರಲಿಲ್ಲ. ಏನೂ ಇಲ್ಲ ಅಂತ ಸುಮ್ನೆ ಹೇಳಿಬಿಟ್ಟೆ."

ತಂಗಿ ಹಾಳೆಯನ್ನು ಎತ್ತಿಕೊಂಡು ಓದಿದಳು. ಬಟ್ಟೆಯ ಅಳತೆ ಚೀಟಿ ಓದುವಾಗಿನ ಹಾಗೆ, ತಾರೀಕನ್ನು ಮೊದಲು ನೋಡಿದಳು. ಅವಸರದವಳು ಅವತ್ತು ಅವಸರ ಮಾಡಲಿಲ್ಲ.

"ಆಗ ಗೊತ್ತಾಗಿದ್ರೆ?"

"ಇನ್ನೊಂಚೂರು ಕತ್ತರಿಸ್ತಿದ್ರು."

"ಕೇಳಿದ್ದು ಅದಲ್ಲ. ಬದುಕ್ತಿದ್ನಾ?"

ಇಲ್ಲಿ ಒಂದು ಸುಳ್ಳಿಗೆ ಜಾಗವಿತ್ತು. ಹೇಳೋಕಾಗಲ್ಲ, ಅನ್ನಬಹುದಿತ್ತು. ತಂಗಿಯ ಗಂಡ ಅದನ್ನೇ ಕೇಳಿಸಿಕೊಳ್ಳಲು ಕಾಯುತ್ತಿದ್ದವನ ಹಾಗೆ ಅವಳ ಮುಖ ನೋಡುತ್ತಿದ್ದ.

"ಹೆಚ್ಚುಕಡಿಮೆ ಖಂಡಿತ," ಎಂದಳು ಅಕ್ಕ.

ತಂಗಿ ಹಾಳೆಯನ್ನು ಅದೇ ಮಡಿಕೆಯಲ್ಲಿ ಮಡಚಿದಳು. "ಮಗಳಿಗೆ ಹದಿನಾಲ್ಕು," ಎಂದಳು ಯಾರಿಗೋ ಎಂಬಂತೆ. ಆಮೇಲೆ ಗೋಡೆಯ ಕಡೆ ತಿರುಗಿದಳು. "ಎದ್ದು ಹೋಗು."

"ಹೊಟ್ಟೆಗೆ ಹಾಕ್ಕೊಳ್ಳೇ..."

"ಹೋಗು ಅಂದೆ."

ತಂಗಿಯ ಗಂಡ ಬಾಗಿಲವರೆಗೆ ಬಂದ. ಅವಳು ಹೊರಗೆ ಕಾಲಿಟ್ಟ ಮೇಲೆ ಬಾಗಿಲು ಹಾಕಿಕೊಂಡ. ಮೆಟ್ಟಿಲ ಹತ್ತಿರ ಶಾಲೆಯಿಂದ ಬರುತ್ತಿದ್ದ ಮಗಳು "ದೊಡ್ಡಮ್ಮ, ಇಷ್ಟು ಬೇಗ ಹೊರಟ್ಯಾ?" ಎಂದು ಕೇಳಿದಳು. ಅಕ್ಕ ಅವಳ ತಲೆ ಸವರಿ ನಡೆದಳು.

ಮರುದಿನ ಅಧಿಕಾರಿಣಿ ಕೊನೆಯ ಸಹಿಗಳಿಗೆ ಬಂದಾಗ ರೂಲ್ಸಮ್ಮ ಎದುರಿನ ಕುರ್ಚಿಯಲ್ಲಿ ಕೂತು, ಹಿಂಬಾಗಿಲು ಬಡಿದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹಾಳೆ ತಂಗಿಯ ಹತ್ತಿರವೇ ಉಳಿದಿತ್ತು. ನಕಲನ್ನು ಲ್ಯಾಬಿನಿಂದ ತರಿಸಿಟ್ಟಿದ್ದಳು. ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಒಳಗೆ ಬಂದರು.

"ನನ್ನ ಹೆಸರು ಮೊದಲು ಬರ್ಕೊಳ್ಳಿ," ಎಂದರು. "ಬಾರಮ್ಮ ಅಂದವನು ನಾನು."

ಅಧಿಕಾರಿಣಿ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. "ಎಲ್ಲಾ ಕಡೆ ಇದೆ ಹಿಂಬಾಗಿಲು," ಎಂದರು ಮೆಲ್ಲಗೆ. "ನಮ್ಮವರು, ಬೇಕಾದವರು ಅಂತ. ನಾನೂ ನಮ್ಮಮ್ಮನ್ನ ಹಾಗೇ ಕರ್ಕೊಂಡು ಹೋಗಿದೀನಿ. ಉಪಕಾರ ಅಂತಲೇ ಅಂದ್ಕೊಂಡಿದ್ದೆ." ಆದರೆ ಬರೆಯಬೇಕಾದದ್ದನ್ನು ಬರೆದರು. ನೂರಾ ಹನ್ನೆರಡು ಪ್ರಶ್ನೆಗೂ ಪೂರ್ತಿ ಅಂಕ ಪಡೆದ ಕ್ಲಿನಿಕ್ಕು "ಸುಧಾರಣೆ ಅಗತ್ಯ" ಎಂಬ ದರ್ಜೆಗೆ ಇಳಿಯಿತು. ವಿಚಾರಣೆ ನಡೆಯಿತು, ಇಬ್ಬರಿಗೂ ಲಿಖಿತ ಎಚ್ಚರಿಕೆ ಬಂತು. ಹಜಾರದ ಗೋಡೆಗೆ ಆ ದರ್ಜೆಯ ಕಾಗದ ಅಂಟಿಸಬೇಕಾಯಿತು. ಜನ ಅದನ್ನು ಓದಿ ಪಿಸುಗುಟ್ಟಿದರು. ಯಾರೂ ಹೇಳದೆಯೇ ಅವಳನ್ನು ರೂಲ್ಸಮ್ಮ ಎನ್ನುವುದನ್ನು ಬಿಟ್ಟರು. ಅವಳಿಗೆ ಅದೊಂದೂ ನಾಟಲಿಲ್ಲ. ಅವಳ ಕಿವಿಯೆಲ್ಲ ಫೋನಿನ ಮೇಲಿತ್ತು.

ದಿನಾ ಸಂಜೆ ತಂಗಿಯ ಬೀದಿಯ ತುದಿಯವರೆಗೆ ಹೋಗಿ ನಿಲ್ಲುತ್ತಿದ್ದಳು. ಹೊಲಿಗೆಯಂತ್ರದ ಸದ್ದಿಲ್ಲದ ಆ ಮನೆಯ ಕಿಟಕಿ ನೋಡಿ ವಾಪಸಾಗುತ್ತಿದ್ದಳು. ಮಗು ಆಗಿದ್ದಾಗ ಸಿಟ್ಟು ಬಂದರೆ ತಂಗಿ ಮಂಚದ ಕೆಳಗೆ ಹೋಗಿ ಮಲಗುತ್ತಿದ್ದಳು, ಹಸಿವಾದಾಗ ತಾನೇ ಹೊರಗೆ ಬರುತ್ತಿದ್ದಳು. ಈಗ ಹಸಿವೂ ಇಲ್ಲ. ಡಾಕ್ಟರ ಮಾತೇ ಸರಿಯಿತ್ತೇನೋ, ಹೇಳಬಾರದಿತ್ತೇನೋ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು.

ಹದಿನಾರನೆಯ ದಿನ ತಂಗಿಯ ಗಂಡ ಫೋನು ಮಾಡಿದ. "ಬರ್ಬೇಕಂತೆ," ಎಂದಷ್ಟೇ ಹೇಳಿದ.

ಓಡಿಕೊಂಡು ಹೋದಳು. ಹದಿನಾರು ದಿನದಲ್ಲಿ ತಂಗಿ ಅರ್ಧವಾಗಿದ್ದಳು. ಕೆನ್ನೆಯೆಲ್ಲ ಒಳಗೆ ಹೋಗಿ ಅಮ್ಮನ ಮುಖ ಬಂದಿತ್ತು.

"ಕ್ಷಮಿಸೋಕೆ ಕರೆದಿಲ್ಲ," ಎಂದಳು, ಅಕ್ಕ ಹೊಸ್ತಿಲು ದಾಟುವ ಮೊದಲೇ. "ನೋವಿನ ಇಂಜೆಕ್ಷನ್ ಕೊಡೋಕೆ ಒಬ್ಬಳನ್ನ ಕಳಿಸ್ತಾರೆ. ಅವಳು ಚುಚ್ಚಿದ್ರೆ ಕೈಯೆಲ್ಲ ಊದ್ಕೊಳ್ಳುತ್ತೆ. ನಿನ್ನ ಕೈ ಹಗುರ. ಬೆಳಿಗ್ಗೆ, ಸಂಜೆ ಬಂದು ಹಾಕಿ ಹೋಗು."

ಹಾಗೆ ಶುರುವಾಯಿತು. ಬೆಳಿಗ್ಗೆ ಕ್ಲಿನಿಕ್ಕಿಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ. ಮೊದಲ ದಿನಗಳಲ್ಲಿ ಮಾತೇ ಇರಲಿಲ್ಲ. ಕೈ ಚಾಚುವುದು, ಚುಚ್ಚಿಸಿಕೊಳ್ಳುವುದು. ಆಮೇಲೆ ಸಣ್ಣಪುಟ್ಟ ಜಗಳ ಬಂತು. ಪರದೆ ಎಳೆದದ್ದು ಜಾಸ್ತಿ, ಗಂಜಿ ನೀರಾಗಿದೆ, ನೀನು ಕಾಲು ಎಳೆದುಕೊಂಡು ನಡೆಯುತ್ತೀಯ, ಸದ್ದು ಕೇಳೋಕಾಗಲ್ಲ. ಅಕ್ಕ ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು. ಒಂದು ದಿನ ತಲೆ ಬಾಚಲೇ ಎಂದು ಕೇಳಿದಳು. ತಂಗಿ ಬೇಡ ಎನ್ನಲಿಲ್ಲ. ಇದ್ದ ನಾಲ್ಕು ಎಳೆ ಕೂದಲನ್ನು ಕಾಲು ಗಂಟೆ ಬಾಚಿದಳು. ಆದರೆ ಕ್ಷಮಿಸಿದೆ ಎನ್ನುವ ಮಾತು ಮಾತ್ರ ಬರಲಿಲ್ಲ. ಅಕ್ಕ ಕೇಳಲೂ ಇಲ್ಲ. ಒಂದು ಸಲ ಕೇಳಿದ್ದಾಗಿದೆ, ಕೊಡುವುದು ಬಿಡುವುದು ಅವಳಿಗೆ ಬಿಟ್ಟದ್ದು. ದುಃಖ ಉಕ್ಕಿ ಬಂದಾಗ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬರುತ್ತಿದ್ದಳು.

ಅಂಥದ್ದೇ ಒಂದು ಸಂಜೆ ಮಗಳು ಕೆಮ್ಮುತ್ತ ಕೋಣೆಗೆ ಬಂದಳು. ಎರಡು ದಿನದಿಂದ ಕೆಮ್ಮು, ಮೈಯೂ ಬೆಚ್ಚಗಿತ್ತು. ಅಕ್ಕ ಸೂಜಿಗೆ ಔಷಧ ಎಳೆಯುತ್ತಿದ್ದಳು.

"ದೊಡ್ಡಮ್ಮ, ನಾಳೆ ಕ್ಲಿನಿಕ್ಕಿಗೆ ಬರ್ಲಾ? ಸ್ಕೂಲ್ ಇದೆ, ಬೇಗ ಆಗುತ್ತಾ?"

"ಬಾ ಪುಟ್ಟಿ. ಊಟದ ಹೊತ್ತಿಗೆ ಬಂದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅಭ್ಯಾಸ ಎನ್ನುವುದು ಎಂಥ ಪಾಪಿ. ಮುಖ ಕೆಂಪಗಾಗಿ ತಲೆ ತಗ್ಗಿಸಿದಳು.

ತಂಗಿ ಕಣ್ಣು ಮುಚ್ಚಿಕೊಂಡೇ ಇದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡಿದ್ದರು.

"ಬೆಳಿಗ್ಗೆ ಹೋಗು," ಎಂದಳು ಮಗಳಿಗೆ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ಟೋಕನ್ ತಗೊಂಡು ಸಾಲಲ್ಲಿ ಕೂತ್ಕೊ. ಸ್ಕೂಲ್ ತಪ್ಪಿದ್ರೆ ತಪ್ಲಿ. ಎಷ್ಟು ಜನ ಇದ್ರೂ ಎದ್ದು ಬರ್ಬೇಡ. ನಿನ್ನ ಹೆಸರು ಬರೆದ್ಲಾ ಅಂತ ನಿನ್ನ ಕಣ್ಣಲ್ಲೇ ನೋಡು."

"ಬೇರೆ ಡಾಕ್ಟರ ಹತ್ರ ಹೋಗ್ಲಾ ಅಮ್ಮ?" ಎಂದಳು ಮಗಳು, ದೊಡ್ಡಮ್ಮನ ಕಡೆ ನೋಡದೆ. ಅವಳಿಗೆ ಎಲ್ಲ ಗೊತ್ತಾಗಿತ್ತು.

"ಬೇಡ. ದೊಡ್ಡಮ್ಮನ ಹತ್ರಾನೇ ಹೋಗು. ನಾನು ಹೋದ್ಮೇಲೂ ಅಲ್ಲಿಗೇ."

ಅಕ್ಕ ತೋಳನ್ನು ಹತ್ತಿಯಿಂದ ಒರೆಸಿದಳು. ಮೂಳೆಗೆ ಅಂಟಿದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ಸೂಜಿ ಇಳಿಸಿ, ಔಷಧ ಪೂರ್ತಿ ಹೋಗುವವರೆಗೆ ಕಾದು, ಹೊರಗೆ ತೆಗೆದಳು. ಕಣ್ಣು ತುಂಬಿ ಎದುರಿನದೆಲ್ಲ ಮಂಜಾಗಿತ್ತು.

"ನೋಯ್ತಾ?" ಎಂದಳು.

"ಇಲ್ಲ," ಎಂದಳು ತಂಗಿ. "ಅದೇ ನಂಗೆ ಸಿಟ್ಟು."